ಕಂಡರೂ ಪ್ರಮಾಣಿಸಿ ನೋಡು

ನಮ್ಮ ಚಿಕ್ಕತಾತನಿಗೆ ಲಕ್ವ ಹೊಡೆದಾಗ ನಾನು ನಾಲ್ಕನೇ ಕ್ಲಾಸಿನಲ್ಲಿದ್ದೆ. ತಿಪಟೂರು ಕಡೆಯ ಹಳ್ಳಿ. ಅಟ್ಟದಿಂದ ಇಳಿಸಿದ ಕಾಯಿಗಳನ್ನು ಅಂಗಳದಲ್ಲಿ ಒಡೆಯುತ್ತಾ ಕೂತಿದ್ದವರ ಬಲಗೈಯಿಂದ ಮಚ್ಚು ಜಾರಿ ಬಿತ್ತು. ಎತ್ತಿಕೊಳ್ಳಲು ಹೋದರೆ ಬೆರಳು ಮಡಚಲಿಲ್ಲ. ಏನೋ ಹೇಳಲು ಬಾಯಿ ತೆರೆದರು. ಬಂದ ಸದ್ದಿಗೆ ಮಾತಿನ ಆಕಾರವೇ ಇರಲಿಲ್ಲ. "ಯಾಕೆ ಹಿಂಗಾಡ್ತೀರಿ?" ಎಂದು ಚಿಕ್ಕಜ್ಜಿ ಮೊದಲು ಗದರಿದರು, ಆಮೇಲೆ ಮುಖ ನೋಡಿ ಕೂಗಿಕೊಂಡರು. ಗಾಡಿ ಕಟ್ಟಿ, ಹುಲ್ಲಿನ ಮೇಲೆ ಕಂಬಳಿ ಹಾಸಿ ಮಲಗಿಸಿ, ಎರಡು ಹರದಾರಿ ದೂರದ ನಾಟಿ ವೈದ್ಯರ ಮನೆಗೆ ಒಯ್ದರು.

ಅಲ್ಲಿಂದ ಬಂದದ್ದು ಒಂದು ಸೀಸೆ ಕಪ್ಪು ಎಣ್ಣೆ, ಒಂದಿಷ್ಟು ಪಥ್ಯ. ಚಿಕ್ಕಜ್ಜಿ ದಿನಕ್ಕೆರಡು ಹೊತ್ತು ತಿಕ್ಕಿ ತಿಕ್ಕಿ ಬಿಸಿನೀರು ಹೊಯ್ಯುತ್ತಿದ್ದರು. ಮೂರನೇ ವಾರ ಕಾಲಿನ ಹೆಬ್ಬೆರಳು ಅಲುಗಿತು. ದೀಪಾವಳಿಗೆ ಗೋಡೆ ಹಿಡಿದು ನಿಂತರು, ಸಂಕ್ರಾಂತಿಗೆ ಕೋಲೂರಿಕೊಂಡು ತೋಟಕ್ಕೆ ಹೋದರು. ಕೈ ಮಾತ್ರ ಎದೆಗೆ ಅಂಟಿಕೊಂಡೇ ಉಳಿಯಿತು. 'ತೆಂಗು' ಎನ್ನಹೋಗಿ 'ತಂಬಿಗೆ' ಎನ್ನುವುದೂ ಕೊನೆಯವರೆಗೆ ಹೋಗಲಿಲ್ಲ. ಆದರೂ ಆ ಎಣ್ಣೆಯ ಹೆಸರು ಸುತ್ತ ಹತ್ತು ಹಳ್ಳಿಗೆ ಹಬ್ಬಿತು. ಅನುಮಾನಪಟ್ಟವರಿಗೆ ತೋರಿಸಲು ಚಿಕ್ಕತಾತ ಇದ್ದರಲ್ಲ, ಕಣ್ಣೆದುರಿಗೇ ನಡೆದಾಡುತ್ತಿದ್ದರು.

ಆ ಎಣ್ಣೆಯನ್ನು ನಾನು ಹಳಿಯಲಾರೆ. ತಿಕ್ಕಿದ ಕೈಗಳನ್ನಂತೂ ಹಳಿಯುವ ಮಾತೇ ಇಲ್ಲ. ಆದರೆ ಮುಂದೆ ಲಕ್ವದ ವಿಷಯ ಓದತೊಡಗಿದಾಗ ತಿಳಿದ ಮೊದಲ ಸಂಗತಿಯೇ ನನ್ನನ್ನು ತಡೆದು ನಿಲ್ಲಿಸಿತು. ಬದುಕುಳಿದವರಲ್ಲಿ ಬಹುಪಾಲು ಜನ, ಏನೂ ಔಷಧ ಕೊಡದಿದ್ದರೂ, ಒಂದಿಷ್ಟು ಚೇತರಿಸಿಕೊಳ್ಳುತ್ತಾರೆ. ಮೊದಲ ಕೆಲವು ವಾರ ಬೇಗಬೇಗ, ಆಮೇಲೆ ನಿಧಾನವಾಗಿ. ಬರಬೇಕಾದದ್ದರಲ್ಲಿ ಹೆಚ್ಚಿನದು ಮೂರು ತಿಂಗಳ ಹೊತ್ತಿಗೆ ಬಂದಿರುತ್ತದೆ. ಮಿದುಳಿನ ಊತ ಇಳಿಯುತ್ತದೆ, ಸಾಯದೆ ಮಂಕಾಗಿದ್ದ ನರಕೋಶಗಳು ಎಚ್ಚೆತ್ತುಕೊಳ್ಳುತ್ತವೆ, ಸತ್ತ ಭಾಗದ ಕೆಲಸವನ್ನು ನೆರೆಯ ಭಾಗ ಕಲಿತುಕೊಳ್ಳುತ್ತದೆ. ಚಿಕ್ಕತಾತನ ಮೂರನೇ ವಾರ, ದೀಪಾವಳಿ, ಸಂಕ್ರಾಂತಿ ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತವೆ. ತಾನಾಗಿ ಬರುವ ಈ ಚೇತರಿಕೆಗೆ ಮುಂಚೆ ಏನನ್ನು ಕೊಟ್ಟಿದ್ದರೂ ಕೀರ್ತಿ ಅದಕ್ಕೇ ಹೋಗುತ್ತದೆ: ಎಣ್ಣೆ, ಪಾರಿವಾಳದ ರಕ್ತ, ಹರಕೆ, ನಗರದ ದುಬಾರಿ ಇಂಜೆಕ್ಷನ್. ಉಳಿಯದವರು ಬಂದು ಸಾಕ್ಷಿ ಹೇಳುವುದಿಲ್ಲ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಬೇರೆ ಯಾವ ರೋಗಕ್ಕಿಂತ ಲಕ್ವಕ್ಕೆ ಹೆಚ್ಚು ಒಪ್ಪುತ್ತದೆ. ಜಾಣ ಯೋಚನೆಗಳಿಗೆ ಈ ಕ್ಷೇತ್ರದಲ್ಲಿ ಎಂದೂ ಬರ ಬಂದಿರಲಿಲ್ಲ. ಅವುಗಳಲ್ಲಿ ನಿಜವಾದದ್ದು ಯಾವುದು ಎಂದು ಬಿಡಿಸಿ ಹೇಳುವ ದಾರಿ ಬೇಕಿತ್ತು. ಆ ದಾರಿಯನ್ನು ಹಿಡಿದ ಕಡೆಯಲ್ಲೆಲ್ಲ, ಹಲವು ಸಲ ಬಿದ್ದು ಎದ್ದು, ಚಿಕಿತ್ಸೆ ಮುಂದೆ ಹೋಗಿದೆ.

ಎಣ್ಣೆ ನಂಬಿದ ಹಳ್ಳಿಯವರನ್ನು ಹಗುರವಾಗಿ ಕಾಣುವ ಮುಂಚೆ ಒಂದು ಶಸ್ತ್ರಚಿಕಿತ್ಸೆಯ ಕಥೆ ಕೇಳಬೇಕು. 1967ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಗಾಜಿ ಯಾಶರ್ಗಿಲ್ ಎಂಬ ನರಶಸ್ತ್ರವೈದ್ಯರು ನೆತ್ತಿಯ ಚರ್ಮಕ್ಕೆ ರಕ್ತ ಒಯ್ಯುವ ಧಮನಿಯೊಂದನ್ನು ತಲೆಬುರುಡೆಯೊಳಗಿನ ಮಿದುಳಿನ ಧಮನಿಗೆ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ, ಹೊಲಿದು ಜೋಡಿಸಿದರು. ಒಂದು ಕಾಲುವೆಯಲ್ಲಿ ಹೂಳು ತುಂಬಿದರೆ ಪಕ್ಕದ ಕಾಲುವೆಯಿಂದ ಗದ್ದೆಗೆ ನೀರು ತಿರುಗಿಸುವಂಥ ಉಪಾಯ. ಕೈಚಳಕ ಬೆರಗು ಹುಟ್ಟಿಸುವಂಥದ್ದು, ತರ್ಕದಲ್ಲಿ ಎಲ್ಲೂ ತೂತಿಲ್ಲ. ಆಪರೇಷನ್ ಆದವರು ಚೆನ್ನಾಗಿಯೂ ಇದ್ದರು. ಒಂದು ದಶಕದಲ್ಲಿ ಅದು ಲೋಕವೆಲ್ಲ ಹಬ್ಬಿತು.

ಕೆನಡಾದ ಲಂಡನ್ ಎಂಬ ಊರಿನಲ್ಲಿ ಹೆನ್ರಿ ಬಾರ್ನೆಟ್ ಎಂಬ ನರವೈದ್ಯರಿದ್ದರು. 1977ರಲ್ಲಿ ಅವರ ತಂಡ ಈ ಶಸ್ತ್ರಚಿಕಿತ್ಸೆಯನ್ನು ಪ್ರಮಾಣಿಸಲು ಹೊರಟಿತು. ಹಲವು ದೇಶಗಳ 1,377 ರೋಗಿಗಳನ್ನು ಆರಿಸಿ, ಯಾರಿಗೆ ಆಪರೇಷನ್, ಯಾರಿಗೆ ಬರೀ ಔಷಧ ಎಂಬುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸಿದರು. ಸರಾಸರಿ ನಾಲ್ಕೂವರೆ ವರ್ಷಕ್ಕೂ ಮಿಕ್ಕಿ ಅವರನ್ನು ಹಿಂಬಾಲಿಸಿದರು. 1985ರಲ್ಲಿ ಫಲಿತಾಂಶ ಹೊರಬಿತ್ತು. ಹೊಲಿದ ನಾಳಗಳಲ್ಲಿ ಶೇ. 96 ತೆರೆದೇ ಇದ್ದವು, ರಕ್ತ ಹರಿಯುತ್ತಲೇ ಇತ್ತು. ಆದರೆ ಲಕ್ವ ಕಡಿಮೆಯಾಗಿರಲಿಲ್ಲ. ಔಷಧದ ಗುಂಪಿಗಿಂತ ಆಪರೇಷನ್ ಆದವರಲ್ಲೇ ಅದು ಬೇಗ ಬಂದಿತ್ತು, ಹೆಚ್ಚಾಗಿಯೂ ಬಂದಿತ್ತು.

ಶಸ್ತ್ರವೈದ್ಯರು ಸಿಟ್ಟಾದರು. ಹೆಚ್ಚು ಪ್ರಯೋಜನ ಸಿಗಬಹುದಾದ ರೋಗಿಗಳನ್ನು ಚೀಟಿ ಎತ್ತದೆ ಹೊರಗೇ ಆಪರೇಷನ್ ಮಾಡಿಬಿಟ್ಟಿದ್ದಾರೆ, ಟ್ರಯಲ್‌ಗೆ ಬಂದವರು ಉಳಿಕೆಯವರು ಎಂಬುದು ಅವರ ಆಕ್ಷೇಪ. ಆ ಆಕ್ಷೇಪದಲ್ಲಿ ಹುರುಳಿರಲಿಲ್ಲ ಎಂದು ನಾನು ಹೇಳಲಾರೆ. ಆದರೆ ಚೀಟಿಯಿಂದ ತಪ್ಪಿಸಿದ ಆ ರೋಗಿಗಳಿಗೆ ನಿಜಕ್ಕೂ ಒಳ್ಳೆಯದಾಯಿತೇ ಎಂದು ತಿಳಿಯುವ ದಾರಿಯನ್ನೂ ಹಾಗೆ ತಪ್ಪಿಸಿದಂತಾಯಿತು. ಬಾರ್ನೆಟ್ ಶಸ್ತ್ರಚಿಕಿತ್ಸೆಯ ವೈರಿಯೇನೂ ಆಗಿರಲಿಲ್ಲ. ಮುಂದೆ ಅವರದೇ ತಂಡ ಕತ್ತಿನ ಧಮನಿಯೊಳಗಿನ ಕೊಬ್ಬಿನ ಗಡ್ಡೆಯನ್ನು ಬಿಡಿಸಿ ತೆಗೆಯುವ ಇನ್ನೊಂದು ಆಪರೇಷನ್ನನ್ನು ಹೀಗೇ ಪರೀಕ್ಷೆಗೆ ಹಚ್ಚಿತು. ಧಮನಿ ಶೇ. 70ಕ್ಕಿಂತ ಹೆಚ್ಚು ಕಿರಿದಾಗಿದ್ದು, ಈಗಾಗಲೇ ಸಣ್ಣ ಲಕ್ವ ಅಥವಾ ಅದರ ಮುನ್ಸೂಚನೆ ಕಂಡಿದ್ದವರಲ್ಲಿ, ಎರಡು ವರ್ಷದೊಳಗೆ ಅದೇ ಬದಿಯ ಲಕ್ವ ಔಷಧದ ಗುಂಪಿನಲ್ಲಿ ಶೇ. 26, ಆಪರೇಷನ್ ಗುಂಪಿನಲ್ಲಿ ಶೇ. 9. ಇದು 1991ರ ಮಾತು. ಒಂದೇ ತರ್ಕದಿಂದ ಹುಟ್ಟಿದ ಎರಡು ಆಪರೇಷನ್‌ಗಳು. ಒಂದು ಸೋತಿತು, ಒಂದು ಗೆದ್ದಿತು. ಚೀಟಿ ಎತ್ತದೆ ಇದನ್ನು ಯಾರೂ ಹೇಳಲಾಗುತ್ತಿರಲಿಲ್ಲ.

ಚೀಟಿ ಯಾಕೆ ಬೇಕು? ಆಯ್ಕೆಯನ್ನು ವೈದ್ಯರ ಕೈಗೆ ಬಿಟ್ಟರೆ, ಅವರು ಎಷ್ಟೇ ಪ್ರಾಮಾಣಿಕರಾಗಿರಲಿ, ಗಟ್ಟಿಮುಟ್ಟಾಗಿ ಕಂಡವರನ್ನು ಆಪರೇಷನ್‌ಗೆ ಕಳಿಸುತ್ತಾರೆ, ಬಳಲಿದವರನ್ನು ವಾರ್ಡಿನಲ್ಲಿ ಉಳಿಸಿಕೊಳ್ಳುತ್ತಾರೆ. ಆಮೇಲೆ ಹೋಲಿಸಿದರೆ ನಾವು ಅಳೆಯುವುದು ಆಪರೇಷನ್ನಿನ ಗುಣವನ್ನಲ್ಲ, ವೈದ್ಯರ ಕಣ್ಣಳತೆಯನ್ನು. ಚೀಟಿಗೆ ಕಣ್ಣಿಲ್ಲ. ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ಹಣೆಬರಹ ಎಲ್ಲವೂ ಎರಡು ಪಾಲಾಗಿ ಸುಮಾರು ಸಮನಾಗಿ ಹಂಚಿಹೋಗುತ್ತವೆ. ಉಳಿಯುವ ವ್ಯತ್ಯಾಸ ಒಂದೇ, ಚಿಕಿತ್ಸೆ. ನಾವು ಇನ್ನೂ ಅಳೆಯಲು ಕಲಿಯದ ಸಂಗತಿಗಳನ್ನು ಕೂಡ ಚೀಟಿ ಸಮನಾಗಿ ಹಂಚುತ್ತದೆ. ವಿಜ್ಞಾನದಲ್ಲಿ ಇಷ್ಟು ಸರಳವೂ ಇಷ್ಟು ಆಳವೂ ಆದ ಇನ್ನೊಂದು ಉಪಾಯ ನನಗೆ ತೋಚದು.

ಆದರೆ ಎಷ್ಟು ಚೀಟಿ ಎತ್ತಬೇಕು? ಈ ಪ್ರಶ್ನೆಗೆ ಉತ್ತರ ಕೊಟ್ಟವರಲ್ಲಿ ಒಬ್ಬರು ಬೆಂಗಳೂರಿನಲ್ಲಿ ಓದಿದವರು. ಕೇರಳದ ಕೊಟ್ಟಾರಕ್ಕರದಲ್ಲಿ ಹುಟ್ಟಿದ ಸಲೀಂ ಯೂಸುಫ್ ಇಲ್ಲಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ ಎಂಬಿಬಿಎಸ್ ಮುಗಿಸಿ ಆಕ್ಸ್‌ಫರ್ಡ್‌ಗೆ ಹೋದರು. ಅಲ್ಲಿ ರೋರಿ ಕಾಲಿನ್ಸ್, ರಿಚರ್ಡ್ ಪೀಟೊ ಜೊತೆ ಸೇರಿ 1984ರಲ್ಲಿ ಒಂದು ಪ್ರಬಂಧ ಬರೆದರು. ಪವಾಡದಂಥ ಔಷಧಗಳು ಅಪರೂಪ. ಸಾಮಾನ್ಯ ರೋಗಗಳಲ್ಲಿ ಸಿಗುವುದು ಸಣ್ಣ ಸಣ್ಣ ಪ್ರಯೋಜನ. ಸಣ್ಣ ಪ್ರಯೋಜನವನ್ನು ಹಿಡಿಯಲು ಸಾವಿರಾರು, ಹತ್ತಾರು ಸಾವಿರ ರೋಗಿಗಳು ಬೇಕು. ಅಷ್ಟು ಜನ ಸೇರಬೇಕಾದರೆ ಟ್ರಯಲ್ ಸರಳವಾಗಿರಬೇಕು ಎಂಬುದು ಅದರ ವಾದ.

ಲಕ್ವದಲ್ಲಿ ಇದನ್ನು ಮಾಡಿ ತೋರಿಸಿದ್ದು ಎಡಿನ್‌ಬರೋದ ಪೀಟರ್ ಸ್ಯಾಂಡರ್‌ಕಾಕ್ ಮತ್ತು ಅವರ ಸಂಗಡಿಗರು. 36 ದೇಶ, 467 ಆಸ್ಪತ್ರೆ, 19,435 ರೋಗಿಗಳು. ಇತ್ತ ವಾರ್ಡಿನಲ್ಲಿ ರೋಗಿ ಮಲಗಿರುತ್ತಿದ್ದರು, ಅತ್ತ ವೈದ್ಯರು ಆಕ್ಸ್‌ಫರ್ಡ್‌ಗೆ ಫೋನ್ ಮಾಡಿ ಚೀಟಿ ಕೇಳುತ್ತಿದ್ದರು. ಪರೀಕ್ಷೆಗೆ ಇಟ್ಟದ್ದು ಎರಡು ಹಳೆಯ ಔಷಧಗಳನ್ನು: ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇಂಜೆಕ್ಷನ್, ಮತ್ತು ತಲೆನೋವಿಗೆ ನುಂಗುವ ಆಸ್ಪಿರಿನ್. ಅದೇ ಕಾಲಕ್ಕೆ ಚೀನಾದಲ್ಲಿ 21,106 ರೋಗಿಗಳ ಮೇಲೆ ಆಸ್ಪಿರಿನ್ ಪರೀಕ್ಷೆ ನಡೆದಿತ್ತು. 1997ರಲ್ಲಿ ಎರಡೂ ಪ್ರಕಟವಾದವು.

ಹೆಪಾರಿನ್ ಆಗ ಎಷ್ಟೋ ಆಸ್ಪತ್ರೆಗಳಲ್ಲಿ ಕಣ್ಣುಮುಚ್ಚಿ ಕೊಡುತ್ತಿದ್ದ ಔಷಧ. ಅದು ಹೊಸ ಹೆಪ್ಪುಗಳನ್ನು ತಡೆದದ್ದು ನಿಜ. ಆದರೆ ತಡೆದಷ್ಟನ್ನು ಮಿದುಳಿನ ರಕ್ತಸ್ರಾವ ತಿಂದುಹಾಕಿತು. ಆಸ್ಪಿರಿನ್ ಗೆದ್ದಿತು. ಎಷ್ಟರ ಮಟ್ಟಿಗೆ? ಸಾವಿರ ರೋಗಿಗಳಿಗೆ ಮೊದಲ ಕೆಲವು ವಾರ ಕೊಟ್ಟರೆ ಸುಮಾರು ಒಂಬತ್ತು ಸಾವು ಅಥವಾ ಮರುಲಕ್ವ ತಪ್ಪುತ್ತವೆ, ಅಷ್ಟೇ. ವರ್ಷಕ್ಕೆ ನೂರು ರೋಗಿಗಳನ್ನು ನೋಡುವ ವೈದ್ಯರಿಗೆ ವರ್ಷದಲ್ಲಿ ಒಬ್ಬರೂ ಪೂರ್ತಿ ಸಿಗದಷ್ಟು ಸಣ್ಣ ವ್ಯತ್ಯಾಸ. ಎಷ್ಟು ಅನುಭವಿಯ ಕಣ್ಣಿಗೂ ಅದು ಕಾಣುವಂಥದ್ದಲ್ಲ. ಆದರೆ ಒಂದು ಮಾತ್ರೆಗೆ ಪುಡಿಗಾಸು, ಲೋಕದಲ್ಲಿ ಲಕ್ವ ಹೊಡೆಯುವವರು ವರ್ಷಕ್ಕೆ ಕೋಟಿಗೂ ಮೇಲೆ. ಆ ಒಂಬತ್ತನ್ನು ಎಷ್ಟರಿಂದ ಗುಣಿಸಬೇಕೆಂದು ಓದುಗರೇ ಎಣಿಸಿ ನೋಡಬಹುದು.

ಇಲ್ಲೊಂದು ಎಚ್ಚರಿಕೆ. ಮನೆಯಲ್ಲಿ ಯಾರಿಗಾದರೂ ಬಾಯಿ ಸೊಟ್ಟಗಾದ ಕೂಡಲೇ ಆಸ್ಪಿರಿನ್ ನುಂಗಿಸಬೇಡಿ. ಲಕ್ವದಲ್ಲಿ ಎರಡು ಬಗೆ: ನಾಳ ಕಟ್ಟಿಕೊಳ್ಳುವುದು, ನಾಳ ಒಡೆಯುವುದು. ಹೊರಗಿಂದ ನೋಡಿ ಯಾರೂ ಖಚಿತವಾಗಿ ಹೇಳಲಾರರು. 1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಸಿಟಿ ಸ್ಕ್ಯಾನ್ ಯಂತ್ರ ಮೊದಲ ರೋಗಿಯ ಮಿದುಳನ್ನು ತೋರಿಸಿದ ಮೇಲಷ್ಟೇ ಈ ಎರಡನ್ನು ಬದುಕಿದ್ದಾಗಲೇ ಸಲೀಸಾಗಿ ಬೇರೆ ಮಾಡುವುದು ಸಾಧ್ಯವಾಯಿತು. ಸ್ಕ್ಯಾನ್ ಆಗದೆ ಆಸ್ಪಿರಿನ್ ಇಲ್ಲ.

* * *

ಆಸ್ಪಿರಿನ್ ಮುಂದಿನ ಹೆಪ್ಪನ್ನು ತಡೆಯುತ್ತದೆ. ಈಗಾಗಲೇ ಸಿಕ್ಕಿಕೊಂಡಿರುವ ಹೆಪ್ಪಿಗೆ ಏನು ಮಾಡುವುದು?

ಮಿದುಳಿನ ಧಮನಿ ಕಟ್ಟಿಕೊಂಡಾಗ ಅದು ನೀರುಣಿಸುವ ಜಾಗವೆಲ್ಲ ಒಂದೇ ಏಟಿಗೆ ಸಾಯುವುದಿಲ್ಲ. ನಡುವಿನ ಭಾಗ ನಿಮಿಷಗಳಲ್ಲಿ ಹೋಗುತ್ತದೆ. ಅದರ ಸುತ್ತ, ಅಕ್ಕಪಕ್ಕದ ಸಣ್ಣ ನಾಳಗಳಿಂದ ತೊಟ್ಟು ತೊಟ್ಟು ರಕ್ತ ಸಿಗುವ ಒಂದು ಅಂಚು ಇರುತ್ತದೆ. ಅಲ್ಲಿನ ಕೋಶಗಳು ಕೆಲಸ ನಿಲ್ಲಿಸಿರುತ್ತವೆ, ಆದರೆ ಸತ್ತಿರುವುದಿಲ್ಲ. ಇದನ್ನು 1981ರಲ್ಲಿ ಆಸ್ಟ್ರಪ್, ಸೀಶೊ ಮತ್ತು ಸೈಮನ್ ವಿವರಿಸಿದಾಗ ಬಳಸಿದ್ದು ಗ್ರಹಣದ ಭಾಷೆಯನ್ನು: ಅರೆನೆರಳು. ಪೂರ್ಣ ಕತ್ತಲೂ ಅಲ್ಲದ, ಬೆಳಕೂ ಅಲ್ಲದ ಆ ಅಂಚನ್ನು ಉಳಿಸಿಕೊಂಡರೆ ಕೈ ಉಳಿಯುತ್ತದೆ, ಮಾತು ಉಳಿಯುತ್ತದೆ. ತಡವಾದಷ್ಟೂ ಕತ್ತಲು ಅಂಚಿಗೆ ಹರಡುತ್ತದೆ. ದೊಡ್ಡ ಧಮನಿ ಕಟ್ಟಿದ ಲಕ್ವದಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು ಅಮೆರಿಕದ ನರವೈದ್ಯ ಜೆಫ್ರಿ ಸೇವರ್ 2006ರಲ್ಲಿ ಲೆಕ್ಕ ಹಾಕಿದರು.

ಹೆಪ್ಪು ಕರಗಿಸುವ ಔಷಧ ಹೃದಯಾಘಾತಕ್ಕೆ ಆಗಲೇ ಬಳಕೆಗೆ ಬಂದಿತ್ತು. ಹೃದಯದಲ್ಲಿ ಕೆಲಸ ಮಾಡಿದ ಸ್ಟ್ರೆಪ್ಟೋಕೈನೇಸನ್ನು ಮಿದುಳಿಗೆ ಕೊಟ್ಟರೆ? ತೊಂಬತ್ತರ ದಶಕದ ನಡುವಿನಲ್ಲಿ ಯುರೋಪಿನ ಎರಡು, ಆಸ್ಟ್ರೇಲಿಯಾದ ಒಂದು ಟ್ರಯಲ್ ಇದನ್ನು ಕೇಳಿದವು. ಮೂರನ್ನೂ ನಡುವೆಯೇ ನಿಲ್ಲಿಸಬೇಕಾಯಿತು. ಔಷಧ ಪಡೆದವರಲ್ಲಿ ಮಿದುಳಿನೊಳಗೆ ರಕ್ತ ಸೋರಿ ಸಾಯುವವರು ಹೆಚ್ಚಾಗುತ್ತಿದ್ದರು. ಆ ಟ್ರಯಲ್‌ಗಳಲ್ಲಿ ಸತ್ತವರ ಬಗ್ಗೆ ಬರೆಯುವಾಗ ನನ್ನ ಪೆನ್ನು ನಿಧಾನವಾಗುತ್ತದೆ. ಅವರ ಮನೆಯವರು ಸಹಿ ಹಾಕಿದ್ದು ಒಳ್ಳೆಯದಾಗಲಿ ಎಂದು. ಟ್ರಯಲ್ ನಡೆಯದೆ, ಹೃದಯಕ್ಕೆ ಒಳ್ಳೆಯದಾದದ್ದು ಮಿದುಳಿಗೂ ಒಳ್ಳೆಯದೇ ಎಂದು ಊರೂರಲ್ಲಿ ಕೊಡುತ್ತಾ ಹೋಗಿದ್ದರೆ ಸಾಯುವವರ ಲೆಕ್ಕವನ್ನೂ ಯಾರೂ ಇಡುತ್ತಿರಲಿಲ್ಲ.

ಇನ್ನೊಂದು ಔಷಧವಿತ್ತು, ಟಿಪಿಎ. ನಮ್ಮ ರಕ್ತನಾಳಗಳೇ ತಯಾರಿಸುವ, ಹೆಪ್ಪಿನ ಮೇಲೆಯೇ ಹೆಚ್ಚು ಕೆಲಸ ಮಾಡುವ ಪ್ರೋಟೀನು. 1985ರಲ್ಲಿ ಜಸ್ಟಿನ್ ಜಿವಿನ್ ತಂಡ ಮೊಲಗಳ ಮಿದುಳಿಗೆ ಹೆಪ್ಪು ಕಳಿಸಿ, ಟಿಪಿಎ ಕೊಟ್ಟು, ಹಾನಿ ಕಡಿಮೆಯಾಗುವುದನ್ನು ತೋರಿಸಿತ್ತು. ಅಮೆರಿಕದ ರಾಷ್ಟ್ರೀಯ ನರರೋಗ ಸಂಸ್ಥೆ ಮನುಷ್ಯರಲ್ಲಿ ಟ್ರಯಲ್ ಶುರುಮಾಡಿದಾಗ ಒಂದು ಕಠಿಣ ನಿಯಮ ಇಟ್ಟಿತು: ಲಕ್ವ ಶುರುವಾದ ಮೂರು ಗಂಟೆಯೊಳಗೆ ಸೂಜಿ ಚುಚ್ಚಬೇಕು, ಅರ್ಧದಷ್ಟು ಜನರಿಗೆ 90 ನಿಮಿಷದೊಳಗೆ. ಲಕ್ವದ ರೋಗಿಯನ್ನು ವಾರ್ಡಿನ ಮೂಲೆಗೆ ಹಾಕಿ ನಾಳೆ ನೋಡೋಣ ಎನ್ನುತ್ತಿದ್ದ ಕಾಲ ಅದು. ಆಂಬುಲೆನ್ಸ್, ಲ್ಯಾಬ್, ಸ್ಕ್ಯಾನ್ ಎಲ್ಲವನ್ನೂ ಗಡಿಯಾರಕ್ಕೆ ಕಟ್ಟಬೇಕಾಯಿತು.

624 ರೋಗಿಗಳು. ಮೊದಲ ಭಾಗದಲ್ಲಿ 24 ಗಂಟೆ ಆದಮೇಲೆ ಅಳೆದರು. ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಮೂರು ತಿಂಗಳಾದ ಮೇಲೆ ನೋಡಿದಾಗ ಕಂಡಿತು. ಎರಡನೇ ಭಾಗದಲ್ಲಿ, ಹೆಚ್ಚುಕಡಿಮೆ ಮೊದಲಿನಂತಾದವರು ಟಿಪಿಎ ಪಡೆದವರಲ್ಲಿ ಶೇ. 39, ಪಡೆಯದವರಲ್ಲಿ ಶೇ. 26. ಮಿದುಳಿನ ರಕ್ತಸ್ರಾವ ಇಲ್ಲೂ ಹೆಚ್ಚಾಗಿತ್ತು, ಶೇ. 0.6 ಇದ್ದದ್ದು ಶೇ. 6.4 ಆಗಿತ್ತು. ಆದರೆ ಸಾವು ಹೆಚ್ಚಾಗಿರಲಿಲ್ಲ. 1995ರ ಡಿಸೆಂಬರಿನಲ್ಲಿ ಪ್ರಕಟವಾಯಿತು, ಮರುವರ್ಷ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಲಕ್ವ ಶುರುವಾದ ಮೇಲೂ ಮಾಡುವುದಕ್ಕೆ ಏನಾದರೂ ಇದೆ ಎಂದು ವೈದ್ಯಶಾಸ್ತ್ರ ಹೇಳಿದ್ದು ಅಂದು.

'ಹೆಚ್ಚುಕಡಿಮೆ ಮೊದಲಿನಂತೆ' ಎಂಬುದನ್ನು ಅಳೆಯುವುದು ಹೇಗೆ? ಅದಕ್ಕೆ ಗ್ಲಾಸ್ಗೋದ ಜಾನ್ ರ್ಯಾಂಕಿನ್ 1957ರಲ್ಲಿ ಹಾಕಿಕೊಟ್ಟ ಮೆಟ್ಟಿಲುಗಳಿವೆ. ಮುಂದೆ ತಿದ್ದಿದ ರೂಪದಲ್ಲಿ ಸೊನ್ನೆಯಿಂದ ಆರು. ಸೊನ್ನೆ ಎಂದರೆ ಏನೂ ತೊಂದರೆಯಿಲ್ಲ; ಎರಡು ಎಂದರೆ ತನ್ನ ಕೆಲಸ ತಾನು ಮಾಡಿಕೊಳ್ಳಬಲ್ಲರು; ಮೂರಕ್ಕೆ ಯಾರಾದರೂ ಒಂದಿಷ್ಟು ಕೈ ಹಚ್ಚಬೇಕು; ಐದು ಎಂದರೆ ಹಾಸಿಗೆ; ಆರು ಸಾವು. ನಮ್ಮ ಚಿಕ್ಕತಾತ ಮೂರನೇ ಮೆಟ್ಟಿಲಿನಲ್ಲಿ ನಿಂತರು. ಈ ಅಳತೆಯನ್ನು ಮಾಡುವವರಿಗೆ ರೋಗಿ ಯಾವ ಗುಂಪಿನವರು ಎಂದು ಗೊತ್ತಿರಬಾರದು ಎಂಬುದು ಕಟ್ಟುನಿಟ್ಟು. ಗೊತ್ತಿದ್ದರೆ, ಬಯಸದೆಯೂ, ಕಣ್ಣು ಅರ್ಧ ಮೆಟ್ಟಿಲು ಮೇಲೆ ಕೆಳಗೆ ಆಗಿಬಿಡುತ್ತದೆ.

2008ರಲ್ಲಿ ಯುರೋಪಿನ ಇನ್ನೊಂದು ಟ್ರಯಲ್ ಮೂರು ಗಂಟೆಯ ಗಡುವನ್ನು ನಾಲ್ಕೂವರೆಗೆ ಒಯ್ದಿತು. ಈಗ ಟಿಪಿಎ ಜಾಗಕ್ಕೆ ಅದರದೇ ವಂಶದ ಟೆನೆಕ್ಟೆಪ್ಲೇಸ್ ಬರುತ್ತಿದೆ: ಒಂದು ಗಂಟೆ ಡ್ರಿಪ್ ಹಾಕಬೇಕಾಗಿಲ್ಲ, ಒಂದೇ ಸಲಕ್ಕೆ ಚುಚ್ಚಿದರಾಯಿತು. ಅಮೆರಿಕ ಲಕ್ವಕ್ಕೆ ಅದನ್ನು ಒಪ್ಪಿದ್ದು 2025ರಲ್ಲಿ. ಪುಣೆಯಲ್ಲಿ ತಯಾರಾದ ಈ ಔಷಧ ಭಾರತದಲ್ಲಿ ಅದಕ್ಕೂ ಹಲವು ವರ್ಷ ಮೊದಲೇ ಬಳಕೆಯಲ್ಲಿತ್ತು.

ಇಷ್ಟರ ನಡುವೆ ಒಂದು ದೊಡ್ಡ ನಿರಾಸೆಯೂ ಇದೆ. ಅರೆನೆರಳಿನ ಕೋಶಗಳನ್ನು ರಕ್ತವಿಲ್ಲದೆಯೂ ಕೆಲಕಾಲ ಕಾಪಾಡುವ ಔಷಧ ಸಿಕ್ಕರೆ ಎಷ್ಟು ಚೆನ್ನ! ಇಲಿ, ಮೊಲಗಳಲ್ಲಿ ಅಂಥವು ಬೇಕಾದಷ್ಟು ಸಿಕ್ಕವು. 2006ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಎಣಿಸಿ ನೋಡಿದಾಗ ಹೀಗೆ ಪ್ರಯೋಗಕ್ಕೆ ಒಳಗಾದ ಚಿಕಿತ್ಸೆಗಳು 1,026 ಇದ್ದವು. ಮನುಷ್ಯರವರೆಗೆ ಬಂದದ್ದು 114. ಅವುಗಳಲ್ಲಿ ಎಲ್ಲರ ಆಸೆ ಹೊತ್ತಿದ್ದ ಒಂದು ಔಷಧ ಅದೇ ವರ್ಷ ಸುಮಾರು 1,700 ರೋಗಿಗಳಲ್ಲಿ ಅಲ್ಪ ಪ್ರಯೋಜನ ತೋರಿಸಿತು. ಮರುವರ್ಷ ಸುಮಾರು 3,300 ರೋಗಿಗಳಲ್ಲಿ ಮತ್ತೆ ನೋಡಿದರೆ ಆ ಪ್ರಯೋಜನ ಇರಲೇ ಇಲ್ಲ. ಹಿಂತಿರುಗಿ ಪ್ರಾಣಿಪ್ರಯೋಗಗಳನ್ನು ಕೆದಕಿದಾಗ ಕಂಡದ್ದೇನು? ಎಷ್ಟೋ ಕಡೆ ಇಲಿಗಳಿಗೆ ಚೀಟಿ ಎತ್ತಿರಲಿಲ್ಲ. ಅಳೆದವರಿಗೆ ಯಾವ ಇಲಿಗೆ ಏನು ಕೊಟ್ಟಿದೆ ಎಂದು ಮೊದಲೇ ಗೊತ್ತಿತ್ತು. ಮನುಷ್ಯರಿಗೆ ಕಡ್ಡಾಯವಾದ ಎಚ್ಚರಿಕೆಯನ್ನು ಪ್ರಯೋಗಾಲಯದ ಬಾಗಿಲಲ್ಲೇ ಬಿಟ್ಟುಬಂದಿದ್ದರು.

* * *

ದೊಡ್ಡ ಧಮನಿಯಲ್ಲಿ ಉದ್ದನೆಯ ಹೆಪ್ಪು ಕೂತರೆ ಟಿಪಿಎ ಹೆಚ್ಚಿನ ಸಲ ಸೋಲುತ್ತದೆ. ಕರಗದಿದ್ದರೆ ಎಳೆದು ತೆಗೆಯಬಹುದಲ್ಲ? ತೊಡೆಸಂದಿನ ಧಮನಿಯಿಂದ ಸಣ್ಣ ಕೊಳವೆ ತೂರಿಸಿ, ಮಿದುಳಿನವರೆಗೆ ಏರಿಸಿ, ಹೆಪ್ಪನ್ನು ಹಿಡಿದು ಹೊರಗೆಳೆಯುವುದು. ವೈದ್ಯರು ತಮ್ಮ ಕಣ್ಣಾರೆ, ಪರದೆಯ ಮೇಲೆ, ಮುಚ್ಚಿದ ನಾಳ ತೆರೆದು ರಕ್ತ ಹರಿಯುವುದನ್ನು ಕಾಣುತ್ತಿದ್ದರು. ಆದರೆ 2013ರಲ್ಲಿ ಒಟ್ಟಿಗೇ ಹೊರಬಂದ ಮೂರು ಟ್ರಯಲ್‌ಗಳು ಇದರಿಂದ ರೋಗಿಗೆ ಹೆಚ್ಚಿನ ಲಾಭವಿಲ್ಲ ಎಂದವು. ಅಲ್ಲಿಗೆ ಈ ಚಿಕಿತ್ಸೆಯ ಕಥೆ ಮುಗಿಯಬಹುದಿತ್ತು.

ಮುಗಿಯದಂತೆ ನೋಡಿಕೊಂಡವರು ಡಚ್ಚರು. ಸೋತ ಟ್ರಯಲ್‌ಗಳನ್ನು ಬಿಡಿಸಿ ನೋಡಿದರೆ ಕಾರಣಗಳಿದ್ದವು. ಉಪಕರಣಗಳು ಹಳೆಯವು. ದೊಡ್ಡ ಧಮನಿ ನಿಜಕ್ಕೂ ಕಟ್ಟಿದೆಯೇ ಎಂದು ಎಷ್ಟೋ ರೋಗಿಗಳಲ್ಲಿ ಮೊದಲು ನೋಡಿಯೇ ಇರಲಿಲ್ಲ. ಕೈ ಹಚ್ಚುವ ಹೊತ್ತಿಗೆ ತಡವೂ ಆಗುತ್ತಿತ್ತು. ನೆದರ್ಲೆಂಡ್ಸಿನ 16 ಆಸ್ಪತ್ರೆಗಳು ಸೇರಿ 500 ರೋಗಿಗಳ ಟ್ರಯಲ್ ನಡೆಸಿದವು. ಸ್ಕ್ಯಾನಿನಲ್ಲಿ ಹೆಪ್ಪು ಕಂಡವರನ್ನು ಮಾತ್ರ ಸೇರಿಸಿಕೊಂಡರು. ಹೆಪ್ಪಿನೊಳಗೆ ಬಲೆಯಂತೆ ಅರಳಿ ಅದನ್ನು ಕಚ್ಚಿಕೊಂಡು ಬರುವ ಹೊಸ ತಂತಿಜಾಳಿಗೆಯನ್ನು ಬಳಸಿದರು. ಅಲ್ಲಿನ ಸರಕಾರದ ಒಂದು ನಿರ್ಧಾರವೂ ಜೊತೆಗೂಡಿತು: ಈ ಚಿಕಿತ್ಸೆಗೆ ವಿಮೆಯ ಹಣ ಬೇಕೆಂದರೆ ಆಸ್ಪತ್ರೆ ಟ್ರಯಲ್‌ನಲ್ಲಿ ಭಾಗವಹಿಸಬೇಕು. ಅಲ್ಲಿಗೆ, ಚೀಟಿ ತಪ್ಪಿಸಿ ಹೊರಗೆ ಮಾಡುವ ದಾರಿ ಮುಚ್ಚಿತು. ಬಾರ್ನೆಟ್ ಕಾಲದ ಜಗಳಕ್ಕೆ ಇಷ್ಟು ನೇರವಾದ ಪರಿಹಾರ ಇನ್ನೊಂದಿಲ್ಲ. ಸರಕಾರವೊಂದು ವಿಜ್ಞಾನಕ್ಕೆ ಮಾಡಬಹುದಾದ ಉಪಕಾರ ಇದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಫಲಿತಾಂಶ ಪ್ರಕಟವಾದದ್ದು 2015ರ ಆರಂಭದಲ್ಲಿ. ಮೂರು ತಿಂಗಳಿಗೆ ತಮ್ಮ ಕೆಲಸ ತಾವು ಮಾಡಿಕೊಳ್ಳುವ ಮಟ್ಟಕ್ಕೆ ಬಂದವರು ಹೆಪ್ಪು ಎಳೆಸಿಕೊಂಡವರಲ್ಲಿ ಶೇ. 32.6, ಉಳಿದವರಲ್ಲಿ ಶೇ. 19.1. ಬೇರೆ ದೇಶಗಳಲ್ಲಿ ನಡೆಯುತ್ತಿದ್ದ ಇಂಥವೇ ಟ್ರಯಲ್‌ಗಳು ತಮ್ಮ ಲೆಕ್ಕ ತೆರೆದು ನೋಡಿ, ಒಂದರ ಹಿಂದೊಂದು ಬೇಗನೆ ನಿಂತವು. ಇನ್ನು ಚೀಟಿ ಎತ್ತುವುದು ಅನ್ಯಾಯವೆಂಬಷ್ಟು ಉತ್ತರ ಸ್ಪಷ್ಟವಾಗಿತ್ತು. ಐದು ಟ್ರಯಲ್‌ಗಳ 1,287 ರೋಗಿಗಳನ್ನು ಒಟ್ಟಿಗೆ ಎಣಿಸಿದಾಗ, ಹೀಗೆ ಚಿಕಿತ್ಸೆ ಪಡೆದ ಪ್ರತಿ ಐವರಲ್ಲಿ ಸುಮಾರು ಇಬ್ಬರು ರ್ಯಾಂಕಿನ್ ಮೆಟ್ಟಿಲಿನಲ್ಲಿ ಒಂದಾದರೂ ಹೆಜ್ಜೆ ಒಳ್ಳೆಯ ಕಡೆಗೆ ನಿಂತಿದ್ದರು. ಆಸ್ಪಿರಿನ್ನಿನ ಸಾವಿರಕ್ಕೆ ಒಂಬತ್ತನ್ನು ಇದರ ಪಕ್ಕ ಇಟ್ಟು ನೋಡಿ.

ಸಹಿ ಹಾಕಬೇಕಾದ ಕೈಯೇ ಬಿದ್ದುಹೋಗಿರುವಾಗ, ಒಪ್ಪಿಗೆ ಹೇಳಬೇಕಾದ ಮಾತೇ ನಿಂತುಹೋಗಿರುವಾಗ ಇಂಥ ಟ್ರಯಲ್‌ಗೆ ಒಪ್ಪಿಗೆ ಕೇಳುವುದು ಯಾರನ್ನು? ಮಗನೋ ಹೆಂಡತಿಯೋ ಸಹಿ ಹಾಕುತ್ತಾರೆ. ನಿಮಿಷಕ್ಕೆ ಲಕ್ಷಗಟ್ಟಲೆ ಕೋಶ ಸಾಯುತ್ತಿರುವಾಗ, ಕ್ಯಾಷುವಾಲ್ಟಿಯ ಬಾಗಿಲಲ್ಲಿ ನಿಂತು, ಹತ್ತಾರು ಪುಟದ ಕಾಗದದಲ್ಲಿ. ನಮ್ಮ ದೇಶದಲ್ಲಿ ಬಡವರನ್ನು ತಿಳಿಸದೆಯೇ ಪ್ರಯೋಗಕ್ಕೆ ದೂಡಿದ ಆರೋಪಗಳು ಕೇಳಿಬಂದು, 2013ರಲ್ಲಿ ಸುಪ್ರೀಂ ಕೋರ್ಟ್ ಸರಕಾರದ ಕಿವಿ ಹಿಂಡಿತು. ಅದಕ್ಕೂ ಮುಂಚೆಯೇ, 2009ರಿಂದ, ಪ್ರತಿ ಟ್ರಯಲನ್ನೂ ಶುರುಮಾಡುವ ಮೊದಲು ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಿಸುವುದು ಕಡ್ಡಾಯವಾಗಿತ್ತು. 2019ರಲ್ಲಿ ಹೊಸ ನಿಯಮಾವಳಿ ಬಂತು. ಓದು ಬಾರದವರ ಪರವಾಗಿ ಟ್ರಯಲ್‌ಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಕೂತು ಎಲ್ಲ ಕೇಳಿಸಿಕೊಳ್ಳಬೇಕು. ಇಷ್ಟಾದರೂ, ತಿಳಿಸಿ ಹೇಳುವ ಭಾಷೆ ಮನೆಯವರ ಭಾಷೆಯಾಗದಿದ್ದರೆ ಈ ಸಹಿಗೆ ಅರ್ಥವಿಲ್ಲ. 'ನಿಮ್ಮ ಯಜಮಾನರಿಗೆ ಹೊಸ ಔಷಧ ಕೊಡ್ತೀವಿ' ಎನ್ನುವುದಕ್ಕೂ, 'ಇದರಿಂದ ಒಳ್ಳೆಯದಾಗುತ್ತೋ ಇಲ್ಲವೋ ನಮಗೂ ಗೊತ್ತಿಲ್ಲ, ಅದನ್ನು ತಿಳಿಯೋದಕ್ಕೇ ಚೀಟಿ ಎತ್ತುತ್ತಿದ್ದೀವಿ' ಎನ್ನುವುದಕ್ಕೂ ಅಜಗಜಾಂತರ.

ಭಾರತದ್ದೇ ಒಂದು ಟ್ರಯಲ್ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಲಕಿದ್ದು. ನಮ್ಮಲ್ಲಿ ಫಿಸಿಯೊಥೆರಪಿ ಸಿಗುವುದು ಕೆಲವರಿಗೆ, ಮನೆಯವರು ಇರುವುದು ಹೆಚ್ಚಿನವರಿಗೆ. ಹಾಗಾದರೆ ಮನೆಯವರಲ್ಲೇ ಒಬ್ಬರಿಗೆ ತರಬೇತಿ ಕೊಟ್ಟು, ಕೈಕಾಲು ಆಡಿಸುವುದು, ಎಬ್ಬಿಸಿ ಕೂರಿಸುವುದು ಎಲ್ಲ ಕಲಿಸಿ ಕಳಿಸಿದರೆ? 14 ಆಸ್ಪತ್ರೆಗಳಲ್ಲಿ 1,250 ರೋಗಿಗಳು. ಆರು ತಿಂಗಳಾದ ಮೇಲೆ ಎಣಿಸಿದರೆ, ಸತ್ತವರು ಅಥವಾ ಇನ್ನೊಬ್ಬರ ಮೇಲೆ ಅವಲಂಬಿತರಾದವರು ಎರಡು ಗುಂಪಿನಲ್ಲೂ ಶೇ. 47. ಒಂದಿಷ್ಟೂ ವ್ಯತ್ಯಾಸವಿಲ್ಲ. 2017ರಲ್ಲಿ ಇದನ್ನು ಓದಿದಾಗ ಚಿಕ್ಕಜ್ಜಿಯ ಕೈಗಳು ಕಣ್ಣ ಮುಂದೆ ಬಂದು ಸಂಕಟವಾಯಿತು. ಆದರೆ ಟ್ರಯಲ್ ಹೇಳಿದ್ದನ್ನು ಸರಿಯಾಗಿ ಕೇಳಿಸಿಕೊಳ್ಳಬೇಕು. ಮನೆಯವರ ಆರೈಕೆ ವ್ಯರ್ಥ ಎಂದು ಅದು ಹೇಳಲಿಲ್ಲ. ಆರೈಕೆ ಎರಡು ಗುಂಪಿನಲ್ಲೂ ಇತ್ತು. ಅದರ ಮೇಲೆ ಕೊಟ್ಟ ತರಬೇತಿ ಇನ್ನೇನನ್ನೂ ಸೇರಿಸಲಿಲ್ಲ ಎಂದಷ್ಟೇ ಹೇಳಿತು. ಅಗ್ಗದ ದಾರಿಯೊಂದು ಸಿಕ್ಕಿತು ಎಂದು ಸರಕಾರಗಳು ಫಿಸಿಯೊಥೆರಪಿಸ್ಟರ ಹುದ್ದೆಗಳನ್ನು ಮರೆಯದಂತೆ ತಡೆದದ್ದೂ ಒಂದು ಲಾಭವೇ.

ಇದಕ್ಕೆ ಎದುರಾಗಿ ಆಸ್ಟ್ರೇಲಿಯಾದ ನರ್ಸ್‌ಗಳ ಟ್ರಯಲ್ ಒಂದಿದೆ. 19 ಆಸ್ಪತ್ರೆಗಳು, ಇಲ್ಲಿ ಚೀಟಿ ಎತ್ತಿದ್ದು ರೋಗಿಗಳಿಗಲ್ಲ, ಆಸ್ಪತ್ರೆಗಳಿಗೆ. ಹೊಸ ಔಷಧವೇನೂ ಇಲ್ಲ. ಜ್ವರ ಬಂದರೆ ಕೂಡಲೇ ಇಳಿಸುವುದು, ಸಕ್ಕರೆ ಏರದಂತೆ ನೋಡಿಕೊಳ್ಳುವುದು, ಬಾಯಿಗೆ ಏನು ಹಾಕುವ ಮುಂಚೆಯೂ ನುಂಗಲು ಬರುತ್ತದೆಯೇ ಎಂದು ಪರೀಕ್ಷಿಸುವುದು. ಮೂರು ತಿಂಗಳಿಗೆ ಸತ್ತವರು ಅಥವಾ ಅವಲಂಬಿತರಾದವರು ಶೇ. 58 ಇದ್ದದ್ದು ಶೇ. 42ಕ್ಕೆ ಇಳಿದಿತ್ತು. ಕುಸಿದವರಿಗೆ ನಮ್ಮ ಮನೆಗಳಲ್ಲಿ ಮೊದಲು ಮಾಡುವುದೇ ನೀರು ಕುಡಿಸುವುದು. ನುಂಗುವ ಸ್ನಾಯು ಬಿದ್ದಿದ್ದರೆ ಆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ.

ಈಗ ಕ್ಯಾಷುವಾಲ್ಟಿಯಲ್ಲಿ ಲಕ್ವದ ರೋಗಿಯ ಜೊತೆ ಬಂದವರಿಗೆ ಮೊದಲು ಕೇಳುವ ಪ್ರಶ್ನೆ ಒಂದೇ: ಇವರು ಚೆನ್ನಾಗಿದ್ದದ್ದನ್ನು ಕೊನೆಗೆ ನೋಡಿದ್ದು ಯಾವಾಗ? ಉತ್ತರ ಗಡಿಯಾರದಲ್ಲಿ ಬರುವುದಿಲ್ಲ. ಹಾಲು ಹಾಕಿ ಬರೋ ಹೊತ್ತು, ಶಾಲೆ ಬೆಲ್ ಹೊಡೆದಿತ್ತು, ಧಾರಾವಾಹಿ ಶುರುವಾಗಿತ್ತು. ವೈದ್ಯರು ಅದನ್ನು ಗಂಟೆ ನಿಮಿಷಕ್ಕೆ ತಿರುಗಿಸಿಕೊಳ್ಳುತ್ತಾರೆ. 'ರಾತ್ರಿ ಮಲಗುವಾಗ ಚೆನ್ನಾಗೇ ಇದ್ರು, ಬೆಳಿಗ್ಗೆ ಏಳಲಿಲ್ಲ' ಎಂದರೆ ಕೆಲವು ವರ್ಷಗಳ ಹಿಂದೆ ಕೈಚೆಲ್ಲುತ್ತಿದ್ದರು. 2018ರಲ್ಲಿ ಇಂಥವರಿಗೂ ದಾರಿ ತೆರೆಯಿತು. ಹೊತ್ತು ಗೊತ್ತಿಲ್ಲದ 503 ರೋಗಿಗಳಲ್ಲಿ ಎಂಆರ್‌ಐ ಸ್ಕ್ಯಾನನ್ನೇ ಗಡಿಯಾರ ಮಾಡಿಕೊಂಡು ಟಿಪಿಎ ಕೊಟ್ಟಾಗ, ಚೆನ್ನಾಗಿ ಚೇತರಿಸಿಕೊಂಡವರು ಶೇ. 41.8ರಿಂದ ಶೇ. 53.3ಕ್ಕೆ ಏರಿದರು. ಅದೇ ವರ್ಷ ಇನ್ನೊಂದು ಟ್ರಯಲ್, ಆರರಿಂದ 24 ಗಂಟೆ ತಡವಾದರೂ ಅರೆನೆರಳು ಉಳಿದಿರುವುದು ಸ್ಕ್ಯಾನಿನಲ್ಲಿ ಕಂಡವರಿಗೆ ಹೆಪ್ಪು ಎಳೆದು ತೆಗೆದು, ಶೇ. 13 ಇದ್ದ ಸ್ವಾವಲಂಬಿಗಳನ್ನು ಶೇ. 49ಕ್ಕೆ ಮುಟ್ಟಿಸಿತು.

ಚಿಕ್ಕಜ್ಜಿಯನ್ನು ಅಂದು ಯಾರೂ ಹೊತ್ತು ಕೇಳಲಿಲ್ಲ. ಕೇಳಿ ಮಾಡುವುದಕ್ಕೂ ಆಗ ಏನೂ ಇರಲಿಲ್ಲ. ಆದರೂ ಅವರಿಗೆ ಅದು ಕೊನೆಯವರೆಗೆ ನೆನಪಿತ್ತು. ಬಿಸಿಲು ಆಗತಾನೇ ತುಳಸಿಕಟ್ಟೆ ಮುಟ್ಟಿತ್ತಂತೆ, ಎರಡನೇ ಬುಟ್ಟಿಯ ಕಾಯಿ ಇನ್ನೂ ಅರ್ಧ ಉಳಿದಿತ್ತಂತೆ.